ಸೀಮಂತದ ಆರತಿ

ಆಷಾಢದ ತುಂತುರಿಗೆ ಆ ಬೆಳಗ್ಗೆ ಚಾಮುಂಡಿಬೆಟ್ಟವೇ ಕಾಣಿಸುತ್ತಿರಲಿಲ್ಲ. ಲಕ್ಷ್ಮೀಪುರಂನ ಹೆರಿಗೆ ಆಸ್ಪತ್ರೆಯಲ್ಲಿ ಮಗಳಿಗಾಗಿ ಕಾದಿದ್ದ ಶಾಮಣ್ಣನವರ ಪಕ್ಕದ ಬೆಂಚಿಗೆ, ಐದನೇ ತಿಂಗಳ ಸ್ಕ್ಯಾನ್ ಮುಗಿಸಿದ ಸೊಸೆ ದಿವ್ಯಳೊಡನೆ ಚಾಮುಂಡಮ್ಮ ಬಂದು ಕೂತರು.

“ಡಾಕ್ಟ್ರು ಏನಂದ್ರವ್ವ? ನಂಗೊಂದೂ ಅರ್ಥ ಆಗ್ನಿಲ್ಲ.”

“ಮಗು ಚೆನ್ನಾಗದೆ ಅಂದ್ರು ಕಣತ್ತೆ. ನಿಮ್ ಮಗನಂಗೇ, ಒಂದ್ಗಳಿಗೆ ಸುಮ್ನಿರಲ್ಲ.”

“ಮಕ್ಕಳಾಗ್ಲಿ ಅಂತ ಎರಡು ವರ್ಷ ಹಾರ್ಮೋನ್ ಮಾತ್ರೆ ನುಂಗ್ದೆಯಲ್ಲ, ಅದೇನೂ ಮಗೀಗೆ ತಟ್ಟಿಲ್ವಂತಾ?”

“ಇಲ್ವಂತೆ. ಗರ್ಭ ನಿಂತ ಕೂಡ್ಲೇ ಮಾತ್ರೆ ಬುಡಿಸ್ಬುಟ್ರಲ್ಲ. ನೀವು ಹತ್ತು ಸಲ ಕೇಳಿದ್ದುಕ್ಕೆ ಡಾಕ್ಟ್ರೇ ನಕ್ಬುಟ್ರು.”

“ನಗ್ಲಿ ಬುಡು. ಐದು ತಿಂಗಳಿಂದ ನಂಗೆ ನಿದ್ದೆ ಇರ್ನಿಲ್ಲ.”

“ಗೊರಕೆ ಮಾತ್ರ ಬೀದಿಗೆಲ್ಲ ಕೇಳ್ತಿತ್ತು.”

ಚಾಮುಂಡಮ್ಮ ನಗಲಿಲ್ಲ.

“ನನ್ ಮಗಳ ಸೀಮಂತದಲ್ಲಿ, ಮಕ್ಕಳಿಲ್ದೋಳು ಎತ್ಬಾರ್ದು ಅಂತ ನಿನ್ ಕೈಯಿಂದ ಆರತಿ ತಟ್ಟೆ ಕಿತ್ಕೊಂಡೆ ಕಣವ್ವ.”

“ಓಗ್ಲಿ ಬುಡಿ ಅತ್ತೆ. ಆಮೇಲೆ ಎರಡು ಒಬ್ಬಟ್ಟು ಜಾಸ್ತಿ ಬಡಿಸುದ್ರಲ್ಲ.”

“ಒಬ್ಬಟ್ಟಿಗೆ ತೀರೋ ಮಾತಾ ಅದು?”

ಶಾಮಣ್ಣನವರು ನೋಡುತ್ತಿದ್ದಂತೆ ಅತ್ತೆ ಸೊಸೆ ಇಬ್ಬರೂ ಎದ್ದರು. ಬಾಗಿಲ ಬಳಿಯ ಗಣಪತಿ ಗೂಡಿನ ಮುಂದೆ ಚಾಮುಂಡಮ್ಮ ಅಲ್ಲಿದ್ದ ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಆದರೆ ತಾವು ಬೆಳಗಲಿಲ್ಲ. ತಟ್ಟೆಯನ್ನು ಸೊಸೆಯ ಕೈಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದು ನಿಂತರು.