ಬ್ಯಾರನ್ ಮುಂದಿನ ಸೋಬಾನೆ

ಹನಗೋಡಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದ ರುಕ್ಮಿಣಮ್ಮನ ಕೈ ನಿಲ್ಲಲಿಲ್ಲ; ಕಿವಿ ಮಾತ್ರ ಪಕ್ಕಕ್ಕೆ ಹೋಯಿತು. ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು ಸಂಗೀತ ಕಟ್ಟುವ ಮಾನಸ, ಜೊತೆಗೇ ಕಡ್ಡಿ ಕಟ್ಟುತ್ತಿದ್ದ ತನ್ನ ಚಿಕ್ಕವ್ವ ಪುಟ್ಟಸಿದ್ದಮ್ಮನಿಗೆ ಫೋನಿನಲ್ಲಿ ಏನೋ ಕೇಳಿಸುತ್ತಿದ್ದಳು. ಪುಟ್ಟಸಿದ್ದಮ್ಮ ಇಯರ್‌ಫೋನ್ ಕಿತ್ತಳು.

"ಇದು ನನ್ ದನಿ ಕಣೆ! ಯಾವಾಗ್ ಇಡ್ಕೊಂಡೆ?"

"ಓದ್ ವರ್ಸ. ಕಡ್ಡಿ ಸದ್ದು ರೆಕಾರ್ಡ್ ಮಾಡ್ತಿದ್ದೆ. ಯಾರೂ ಇಲ್ಲ ಅಂತ ನೀನು ಸೋಬಾನೆ ಹೇಳ್ಕೊಂಡೆ. ಅದ್ಕೇ ಬೀಟ್ ಕೂರಿಸ್ದೆ."

"ಗಂಡ ಸತ್ತೋಳು ಸೋಬಾನೆ ಹಾಡವ್ಳೆ ಅಂತ ಊರೇ ಉಗೀತದೆ. ತೆಗ್ದಾಕು!"

"ನಾನು ಕಟ್ಟಿರೋದೇ ನಾಕು ಹಾಡು ಚಿಕ್ಕವ್ವ, ಅದ್ರಲ್ಲಿ ಇದೊಂದು. ಆಡು ಬಿಡುಗಡೆ ಮಾಡೋ ಕಂಪ್ನಿಗೆ ಕಾಗ್ದ ಬರ್ದು, ಕಳಿಸ್ದೆ ಯುಗಾದಿಯಿಂದ ಫೋನಲ್ಲೇ ಮಡಗಿವ್ನಿ, ನಿನ್ನ ಕೇಳಾಕೆ ಎದ್ರಿಕೊಂಡು."

"ತೆಗ್ದಾಕು ಅಂದೆ."

"ಆಯ್ತು ಬುಡು. ದನಿ ತೆಗ್ದಿರೋದೂ ಐತೆ, ಕೇಳು."

ಪುಟ್ಟಸಿದ್ದಮ್ಮ ಕೇಳಿದಳು. ಬೆರಳಿಗೆ ಸುತ್ತಿದ ದಾರ ಬಿಗಿಯುತ್ತಾ ಹೋಯಿತು.

"ಬರೀ ಕಡ್ಡಿ ಸದ್ದು."

"ಊ."

"ಇಷ್ಟೇನಾ ನಾನು?"

ರುಕ್ಮಿಣಮ್ಮ ಕಟ್ಟಿದ ಗಂಟನ್ನೇ ಮತ್ತೆ ಕಟ್ಟಿದಳು.

ಪುಟ್ಟಸಿದ್ದಮ್ಮ ಬೆರಳಿನ ದಾರ ಸಡಿಲಿಸಿದಳು. "ಕಾಗ್ದದಲ್ಲಿ ಹಾಡಿದೋರು ಯಾರು ಅಂತ ಬರ್ದಿದ್ದೀಯೆ?"

"ಚಿಕ್ಕವ್ವ ಅಂತ. ಯಾರ್ಗೂ ಗೊತ್ತಾಗ್ದಿರ್ಲಿ ಅಂತ."

"ಪುಟ್ಟಸಿದ್ದಮ್ಮ ಅಂತ ಆಕು. ಉಗಿಯೋರಿಗೆ ಎಸ್ರು ಬ್ಯಾಡ್ವಾ?"

ಮಾನಸ ಹೆಸರು ತಿದ್ದಿದಳು. ಫೋನ್ ಒಂದು ಕೈಯಲ್ಲೇ ಇತ್ತು. ಇನ್ನೊಂದರಲ್ಲಿ ಎಲೆ ತುಂಬಿದ ಕಡ್ಡಿಯ ತುದಿ ಹಿಡಿದು, ಚಿಕ್ಕವ್ವನ ಹಿಂದೆ ಬ್ಯಾರನ್ ಒಳಗೆ ಹೋದಳು. ಒಳಗಿನ ಕತ್ತಲಿಂದ ಮಾತಷ್ಟೇ ಬಂತು.

"ಕಂಪ್ನಿಗೆ ಓಯ್ತಾ?"

"ಓಯ್ತು ಕಣವ್ವ."