ಎತ್ತುವ ಗುಂಡಿ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ರಿಪೇರಿಗೆ ಬಂದ ಫ್ಯಾನು, ಮಿಕ್ಸಿಗಳನ್ನು ಗೋಡೆಗೆ ಸರಿಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದೆವು: ನಾನು, ನನ್ನ ಅತ್ತಿಗೆ, ಮೊಮ್ಮಕ್ಕಳು, ಮಳೆಗೆ ಸಿಕ್ಕಿಕೊಂಡ ಅವರ ಗೆಳೆಯರು. ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದು ಅಣ್ಣನ ಆಟದ ಯಂತ್ರ ನಿಂತಿತ್ತು. ಅದರ ಮುಂದೆ ಮೂರು ಸ್ಟೂಲು. ಅಣ್ಣ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಕಡೆ ನಾನು ಹೆಚ್ಚು ಹೊತ್ತು ನೋಡುವುದಿಲ್ಲ. ದೇವರ ಹೆಸರು ಹೇಳಿಕೊಂಡು ಮುಖ ತಿರುಗಿಸುತ್ತೇನೆ.

ಹಿರಿಯ ಮೊಮ್ಮಗಳು ಫೋನಿನಲ್ಲಿ ಹೊಡೆದಾಟದ ಆಟ ಆಡುತ್ತ ಕಿರುಚುತ್ತಿದ್ದಳು: "ಬಿದ್ದಿದ್ದೀನಿ ಕಣೋ! ಹೊಡೆದಿದ್ದು ಸಾಕು, ಬಂದು ಎತ್ತೋ ಕೋತಿ!"

ಅಷ್ಟರಲ್ಲಿ ಕರೆಂಟು ಹೋಯಿತು. ಅದರ ಬೆನ್ನಿಗೇ ನೆಟ್‌ವರ್ಕೂ ಹೋಯಿತು. ನಾನು ಮೇಣದ ಬತ್ತಿ ಹಚ್ಚುವಾಗ ಅತ್ತಿಗೆ ನಗುತ್ತಿದ್ದರು.

"ನಗ್ಬೇಡಿ ಅಜ್ಜಿ, ನಾನು ಸತ್ತೇ ಹೋದೆ."

"ಬಿದ್ದವರನ್ನ ಎತ್ತೋ ಆಟ ನಿಮ್ಮ ಕಾಲದಲ್ಲೇ ಹುಟ್ಟಿದ್ದು ಅಂದ್ಕೊಂಡ್ಯಾ? ಹತ್ರ ಬನ್ನಿ ಎಲ್ರೂ… ಹೇಳ್ತೀನಿ.

"ನಿಮ್ಮ ತಾತ ಆಟದ ಯಂತ್ರ ಮಾಡೋ ಕಂಪನಿಯಲ್ಲಿದ್ರು. ಆಗ ನಾವು ಕಂಡಿದ್ದ ಹೊಡೆದಾಟದ ಆಟ ಎಂಥದ್ದು? ಒಬ್ಬ ಈ ಕಡೆ, ಒಬ್ಬ ಆ ಕಡೆ, ಗುದ್ದಿದವನೇ ಶೂರ. ಇವರಿಗೆ ಅದು ಸಪ್ಪೆ ಅನ್ನಿಸ್ತು. ನಮ್ಮ ಕಡೆ ಮೂರು ಜನ, ಯಂತ್ರದ ಕಡೆ ಮೂರು ಜನ. ನಮ್ಮಲ್ಲಿ ಯಾರಾದ್ರೂ ಬಿದ್ರೆ ಪಕ್ಕದವರು ಹೊಡೆಯೋದು ಬಿಟ್ಟು ಹತ್ತಿರ ಹೋಗಿ ನೀಲಿ ಗುಂಡಿ ಒತ್ತಬೇಕು, ಒತ್ತಿದವರ ಜೀವದಲ್ಲಿ ಅರ್ಧ ಬಿದ್ದವರಿಗೆ ಹೋಗುತ್ತೆ, ಅವರು ಏಳ್ತಾರೆ… ಅಂಥ ಆಟ ಮಾಡಿದ್ರು. ತಂತಿ ಬೆಸೆದವಳು ನಾನು. ಬಣ್ಣ ಬಳಿದವನು ಈ ನನ್ನ ಮೈದುನ. ಇವತ್ತಿಗೂ ಆ ಬಣ್ಣದಲ್ಲಿ ಬ್ರಶ್ಶಿನ ಕೂದಲು ಅಂಟಿಕೊಂಡಿದೆ!"

"ಜನ ಆಡಿದ್ರಾ ಅಜ್ಜಿ?"

"ಆಡಿದ್ರು, ಜಗಳಾನೂ ಆಡಿದ್ರು! ಪ್ರಯೋಗಕ್ಕೆ ಅಂತ ಒಂದು ಕಡೆ ಇಟ್ರೆ, ಹೆಗಲ ಮೇಲೆ ಕೈ ಹಾಕ್ಕೊಂಡು ಬಂದ ಗೆಳೆಯರು ಮುಖ ತಿರುಗಿಸ್ಕೊಂಡು ಹೋದ್ರು. ಹೊಡೆಯೋ ಉಮೇದಿನಲ್ಲಿ ಅರ್ಧ ಜೀವ ಕೊಡೋರು ಯಾರು? ಕಂಪನಿಯವರು ಗುಂಡಿ ತೆಗೀರಿ ಅಂದ್ರು. ಇವರು ಗುಂಡಿ ತೆಗೀಲಿಲ್ಲ, ಕೆಲಸ ಬಿಟ್ರು. ಯಂತ್ರ ಈ ಕೋಣೆಗೆ ಬಂತು.

"ಆಮೇಲೆ ದಿನಾ ಸಂಜೆ ನಾವು ಮೂವರೇ. ನಡುವಿನ ಸ್ಟೂಲು ಅವರದ್ದು. ಪರದೆ ಮೇಲೆ ಅವರ ಆಳು ಏಟು ಹಾಕೋ ಮೊದಲು ಎರಡು ಸಲ ಬಗ್ಗಿ ಏಳ್ತಿದ್ದ. ಹೊಡೆಯೋನಿಗೂ ಮರ್ಯಾದೆ ಬೇಡ್ವಾ ಅಂತಿದ್ರು. ನಾನು ತಡ ಮಾಡಿದ್ರೆ ಬೈಗುಳ: 'ಬಿದ್ದವರು ಕಂಡ್ರೆ ಯೋಚಿಸ್ಬೇಡ, ಒತ್ತು!' ಬೆರಳಿಗೆ ಅದೇ ರೂಢಿ ಆಗಿಹೋಯ್ತು…

"ಒಂದು ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕೂತವರು, ಹಾಗೇ ಯಂತ್ರಕ್ಕೆ ತಲೆ ಆನಿಸಿದ್ರು. ಏಳಲಿಲ್ಲ."

 ನಾನು ತಲೆ ತಗ್ಗಿಸಿದೆ.

"ಕೆಲವು ತಿಂಗಳಾದ ಮೇಲೆ, ಇಂಥದೇ ಮಳೆ. ಇವನೇ ಅಂದ, 'ಅತ್ತಿಗೆ, ಧೂಳು ತಿಂತಿದೆ, ಒಂದು ಸಲ ಹಾಕೋಣ' ಅಂತ. ನಾನೊಂದು ತುದಿ, ಇವನೊಂದು ತುದಿ. ನಡುವಿನ ಆಳು ಸುಮ್ಮನೆ ನಿಂತಿದ್ದ, ಆಡಿಸೋರಿಲ್ಲವಲ್ಲ. ಒಂದು ಗಳಿಗೆ… ಆಮೇಲೆ ಬಗ್ಗಿದ. ಎದ್ದ. ಮತ್ತೆ ಬಗ್ಗಿದ. ನಾನು ಪಕ್ಕಕ್ಕೆ ನೋಡಿದ್ರೆ, ಆಳನ್ನ ಆಡಿಸೋ ನಡುವಿನ ಹಿಡಿ ತಾನಾಗೇ ಅಲುಗಾಡ್ತಿದೆ! ಹೆದರಿಕೆ ಆಯ್ತಾ ಅಂತೀರಾ? ಹೊರಗೆ ಹೋಗಿದ್ದ ಗಂಡ ಮನೆಗೆ ಬಂದ್ರೆ ಯಾರಾದ್ರೂ ಹೆದರ್ತಾರಾ?

"ಎದುರಿನ ಮೂವರೂ ಅವರ ಮೇಲೇ ಬಿದ್ರು. ಅವರು ಉರುಳಿದ್ರು, ನೆಲದಿಂದ ಕೈ ಎತ್ತಿದ್ರು. 'ಅತ್ತಿಗೆ, ಒತ್ಬೇಡಿ! ಜೀವ ಕೊಡೋದು ದೇವರ ಕೆಲಸ, ನಮ್ಮದಲ್ಲ!' ಅಂತ ಇವನು ಕೂಗಿದ. ಇವನ ಕೂಗು ಕಿವಿಗೆ ಬೀಳೋದರಲ್ಲಿ ನನ್ನ ಬೆರಳು ಒತ್ತಿಯಾಗಿತ್ತು. ಯೋಚನೆ ಮಾಡಿದ್ರೂ ಒತ್ತುತ್ತಿದ್ದೆ ಬಿಡಿ. ಆ ಬೆರಳಿಗೆ ಆ ರೂಢಿ ಕೊಟ್ಟಿದ್ದೂ ದೇವರೇ ಅಲ್ವಾ?

"ಒತ್ತಿದ ಬೆರಳಿಂದ ಮೊಣಕೈವರೆಗೂ ಐಸ್ ಸುರಿದ ಹಾಗಾಯ್ತು… ಅವರು ಎದ್ರು."

ಅತ್ತಿಗೆ ಬಲಗೈ ಮುಂದೆ ಚಾಚಿದರು. ಮೊಮ್ಮಗಳು ಮುಟ್ಟಿ, ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ನನಗೆ ಆ ತಂಪು ಗೊತ್ತು. ಆ ಕೈಯಲ್ಲಿ ನಾಡಿ ಹುಡುಕಿ ಸೋತ ಡಾಕ್ಟರರನ್ನು ನಾನೇ ಕರೆತಂದಿದ್ದೆ.

"ನನ್ನದು ಈಗ ಅರ್ಧವೇ ಜೀವ, ಮಕ್ಕಳೇ. ಆದ್ರೂ ಇಷ್ಟು ವರ್ಷ ಬಾಳಿದೆ, ನೋಡಿ! ಉಳಿದರ್ಧ ಎಲ್ಲಿಗೆ ಹೋಯ್ತು ಅಂತೀರಾ? ಅವತ್ತಿಂದ ಆ ಯಂತ್ರಕ್ಕೆ ಪ್ಲಗ್ ಹಾಕಿಲ್ಲ. ಈಗಂತೂ ಬೀದಿಯಲ್ಲೇ ಕರೆಂಟಿಲ್ಲ. ಹೋಗಿ… ಬೆಡ್‌ಶೀಟು ಸರಿಸಿ ನಡುವಿನ ಹಿಡಿ ಮುಟ್ಟಿ. ಈಗಷ್ಟೇ ಯಾರೋ ಬಿಟ್ಟ ಹಾಗೆ ಬೆಚ್ಚಗಿರುತ್ತೆ. ನಿಮ್ಮ ಕೈ ಹಿಡ್ಕೊಂಡ್ರೆ ಮಾತ್ರ ಕಿತ್ಕೊಳ್ಬೇಡಿ, ಬೇಜಾರು ಮಾಡ್ಕೋತಾರೆ."