ಅಕ್ಕನ ಮನೆಗೆ ಕರೆಂಟು ಬಂದ ಬಗೆ

ನಮ್ಮ ಊರಾಡಳಿತವಾದ ಚಾಪ್ಟರ್‌ನ ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕುರಿಗಳನ್ನು ಯಾರದೋ ಸುಪರ್ದಿಗೆ ಬಿಟ್ಟು ಇಷ್ಟು ದೂರ ಬಂದಿರುವ ನನ್ನ ನವಾಹೊ ಬುಡಕಟ್ಟಿನ ಬಂಧುಗಳೇ, ಸಭಿಕರೇ,

ಹದಿನಾಲ್ಕು ವರ್ಷ ಮನೆಮನೆಗೆ ಸೋಲಾರ್ ಹಾಕಿದ ಈ ವರ್ನಾ ಎಟ್ಸಿಟಿಗೆ ನಿವೃತ್ತಿಯ ಬೀಳ್ಕೊಡುಗೆ ಎಂದು ಕಂಬಳಿ ಹೊದಿಸಿದ್ದೀರಿ. ಸಂತೋಷ. ಈ ಸೆಕೆಯಲ್ಲಿ ಕಂಬಳಿ ಹೊದ್ದವಳ ಭಾಷಣ ಉದ್ದವಾಗಲಾರದು, ಹೆದರಬೇಡಿ.

ನಾನು ಈ ಕೆಲಸಕ್ಕೆ ಬಂದದ್ದೇಕೆ? ಜನಸೇವೆಗೆ ಎಂದರು ಅಧ್ಯಕ್ಷರು. ಅಲ್ಲ. ನನ್ನ ಅಕ್ಕ ಆರ್ಲೀನ್‌ಗಾಗಿ. ಮುಂದಿನ ಸಾಲಿನಲ್ಲಿ ಕೂತು, ಸಾಕು ಎಂದು ಕೈ ಮಾಡುತ್ತಿದ್ದಾಳೆ. ಸಾಕಾಗಿಲ್ಲ, ಅಕ್ಕ.

ಅವಳ ಶ್ವಾಸಕೋಶ ಕೆಟ್ಟಿತು. ಆಮ್ಲಜನಕದ ಯಂತ್ರ ಸದಾ ಓಡಬೇಕು. ಯಂತ್ರಕ್ಕೆ ಕರೆಂಟು ಬೇಕು. ನಮ್ಮ ಮನೆಯ ಮೇಲೆ ದೊಡ್ಡ ತಂತಿಗಳು ಹಾದು ದೂರದ ನಗರಗಳಿಗೆ ಹೋಗುತ್ತಿದ್ದವು. ಅವುಗಳ ಕೆಳಗಿದ್ದ ನಮಗೆ ಸೀಮೆಎಣ್ಣೆ ದೀಪ! ಹಾಗಾಗಿ ಅಕ್ಕ ಫ್ಲಾಗ್‌ಸ್ಟಾಫ್ ನಗರದ ಆರೈಕೆ ಮನೆ ಸೇರಿದಳು. ನೋಡಲು ಹೋದಾಗೆಲ್ಲ ಒಂದೇ ಪ್ರಶ್ನೆ: "ಕುರಿಗಳು ಹೇಗಿವೆ?" ನೀನು ಹೇಗಿದ್ದೀ ಎಂದು ಒಮ್ಮೆಯೂ ಕೇಳಲಿಲ್ಲ.

ಐವತ್ತೆರಡರ ವಯಸ್ಸಿನಲ್ಲಿ ನಾನು ಪಾಠಕ್ಕೆ ಕೂತೆ. ಸೋಲಾರ್ ಫಲಕದ ಮೇಲೆ ಬಿಸಿಲು ಬಿದ್ದರೆ ಒಳಗಿನ ಸಿಲಿಕಾನ್‌ನಲ್ಲಿ ಕರೆಂಟು ಹುಟ್ಟುತ್ತದೆ. ಅದನ್ನು ಬ್ಯಾಟರಿ ಕೂಡಿಡುತ್ತದೆ. ಇನ್ವರ್ಟರ್ ಅದನ್ನು ಮನೆಯ ಯಂತ್ರಗಳಿಗೆ ಒಗ್ಗುವಂತೆ ಬದಲಿಸಿ ಕೊಡುತ್ತದೆ. ಹೇಳಲು ಇಷ್ಟೇ. ಜುಲೈನಲ್ಲಿ ಅಂಗಳದಲ್ಲಿ ಕಂಬ ನೆಟ್ಟು ಹತ್ತು ಫಲಕ ನಿಲ್ಲಿಸಿದೆ. ಅಕ್ಕನನ್ನು ಕರೆತಂದೆ. ಗೆದ್ದೆ ಅಂದುಕೊಂಡೆ.

ಡಿಸೆಂಬರಿನಲ್ಲಿ ಮೂರು ದಿನ ಮೋಡ. ನಾಲ್ಕನೆಯ ದಿನ ಬಿಸಿಲು ಬಂದರೂ ಬ್ಯಾಟರಿ ತುಂಬಲಿಲ್ಲ. ಯಂತ್ರ ಕೂಗಿಕೊಂಡು ನಿಂತೇ ಹೋಯಿತು. ಅಕ್ಕನ ತುಟಿ ನೀಲಿಯಾಗುತ್ತಿತ್ತು. ಎತ್ತಿಟ್ಟಿದ್ದ ಆಮ್ಲಜನಕದ ಸಿಲಿಂಡರ್ ಜೋಡಿಸಿದೆ. ಉಸಿರು ತಿರುಗಿದ ಕೂಡಲೇ ಅವಳು ಏನೆಂದಳು? "ಸೂರ್ಯ ಬಂದಿದಾನಲ್ಲೇ, ನಿನ್ನ ಕರೆಂಟು ಎಲ್ಲಿಗೆ ಹೋಯ್ತು?"

ಹೊರಗೆ ಹೋಗಿ ನೋಡಿದೆ. ಚಳಿಗಾಲದ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ. ನೀರಿನ ಟ್ಯಾಂಕಿನ ಉದ್ದ ನೆರಳು ಫಲಕಗಳ ಮೇಲೆ ಮಲಗಿತ್ತು. ಒಂದೆರಡಕ್ಕೆ ನೆರಳಾದರೂ ಇಡೀ ಸಾಲು ಸೊರಗುತ್ತದೆ. ಜುಲೈ ನೆರಳನ್ನಷ್ಟೇ ನೋಡಿ ಕಂಬ ನೆಟ್ಟವಳು ಯಾರು? ನಾನೇ. ಒಳಗೆ ಹೋಗಿ ಅಕ್ಕನಿಗೆ ಹೇಳಿದೆ.

"ಫ್ಲಾಗ್‌ಸ್ಟಾಫ್‌ಗೆ ವಾಪಸ್ ಹೋಗೋಣ, ಅಕ್ಕ" ಎಂದೆ.

"ಸಿಲಿಂಡರ್ ಎಷ್ಟು ದಿನಕ್ಕಿವೆ?"

"ನಾಲ್ಕು."

"ಹಾಗಾದ್ರೆ ಅಳ್ತಾ ಯಾಕೆ ನಿಂತಿದೀಯ? ಹೋಗಿ ಬೇರೆ ಗುಂಡಿ ಅಗೆ."

ನೆಲ ಹೆಪ್ಪುಗಟ್ಟಿತ್ತು. ಹಾರೆಯಿಂದ ಅಗೆದೆ. ಕಂಬಗಳನ್ನು ಮೂವತ್ತು ಹೆಜ್ಜೆ ಆಚೆಗೆ ನೆಟ್ಟೆ, ಫಲಕಗಳನ್ನು ತಗ್ಗಿನ ಸೂರ್ಯನ ಕಡೆಗೆ ಓರೆ ಮಾಡಿದೆ, ಇನ್ನೂ ಆರು ಸೇರಿಸಿದೆ. ನಾಲ್ಕನೆಯ ದಿನ ಮಧ್ಯಾಹ್ನ ಯಂತ್ರ ಗುಯ್ಯೆಂದಿತು.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಹೇಳಿಬಿಡುತ್ತೇನೆ. ಅಕ್ಕ ಬೇಡ ಬೇಡ ಎಂದರೂ ಅವಳನ್ನು ಆರೈಕೆ ಮನೆಗೆ ಸೇರಿಸಲು ಸಹಿ ಹಾಕಿದವಳು ನಾನು. ಆ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ. ಯಂತ್ರ ಮತ್ತೆ ಓಡಿದ ದಿನ ಅವಳು ನನ್ನ ಅಂಗೈ ಬಿಡಿಸಿ ನೋಡಿದಳು. ಬೊಬ್ಬೆ ಒಡೆದು ರಕ್ತ ಬಂದಿತ್ತು.

"ಆ ಕಾಗದಕ್ಕೆ ಸಹಿ ಹಾಕಿದ್ದು ಈ ಕೈಯೇನಾ?"

"ಹೂಂ."

"ಕುರಿಕೊಬ್ಬು ಹಚ್ಕೋ. ಮಾಂಸದ ಸ್ಟೂ ಆರ್ತಿದೆ, ಬಾ ಊಟ ಮಾಡು."

ಸಭಿಕರೇ, ನಮ್ಮ ಚಾಪ್ಟರ್‌ನಲ್ಲಿ ಕರೆಂಟಿಲ್ಲದ ಮನೆಗಳು ಇನ್ನೂ ಮೂವತ್ತೊಂದು. ಹೀಗಿರುವಾಗ ನಿವೃತ್ತಿ ಎಂದರೇನು? ಅಧ್ಯಕ್ಷರು ಕ್ಷಮಿಸಬೇಕು. ಸೋಮವಾರ ಬೆಳಿಗ್ಗೆ ಏಳಕ್ಕೆ ನನ್ನ ಟ್ರಕ್ಕು ಈ ಬಾಗಿಲಲ್ಲಿ ನಿಂತಿರುತ್ತದೆ. ಕಲಿಯುವ ಮನಸ್ಸಿದ್ದವರು ಟೋಪಿ, ನೀರು ತನ್ನಿ. ವಯಸ್ಸು ಕೇಳುವುದಿಲ್ಲ.

ಕೇಳಿದ್ದಕ್ಕೆ, ನಕ್ಕಿದ್ದಕ್ಕೆ, ಅಕ್ಕನನ್ನು ಇಲ್ಲಿಗೆ ಎತ್ತಿ ಕರೆತಂದದ್ದಕ್ಕೆ ಋಣಿಯಾಗಿದ್ದೇನೆ. ನಿಮಗೆಲ್ಲ ನಮಸ್ಕಾರ.